ದೀಪ ಹಚ್ಚಿದ ಮೇಲೆ ಒಂದು ಮಾತ್ರೆ

ಮಧ್ಯಾಹ್ನ ಔಷಧದ ಕಿಟಕಿಯ ಮುಂದಿನ ಸಾಲು ಕರಗಿದ ಮೇಲೆ ಫ್ಯಾನು ಆರಿಸಿದರೆ ಜಯಮ್ಮನವರ ಎದೆಯ ಸದ್ದು ನನಗೆ ಕೇಳಿಸುತ್ತಿತ್ತು. ಟಿಕ್, ಟಿಕ್, ಟಿಕ್. ಅವರ ಹೃದಯದಲ್ಲಿ ಹಾಳಾಗಿದ್ದ ಕವಾಟವನ್ನು ತೆಗೆದು ಯಂತ್ರದ ಕವಾಟ ಕೂರಿಸಿದ್ದರು. ಅದು ತೆರೆದು ಮುಚ್ಚುವಾಗೆಲ್ಲ ಹಳೇ ಕೈಗಡಿಯಾರದಂತೆ ಸಣ್ಣಗೆ ಸದ್ದು ಮಾಡುತ್ತಿತ್ತು. ಸುತ್ತಮುತ್ತ ಗದ್ದಲವಿದ್ದರೆ ಕೇಳುತ್ತಿರಲಿಲ್ಲ. ನಮ್ಮ ಶಿವಾಜಿನಗರದಲ್ಲಿ ಗದ್ದಲವಿಲ್ಲದ ಹೊತ್ತು ಯಾವುದು ಹೇಳಿ? ಆದರೂ ಊಟದ ಹೊತ್ತು ಮುಗಿದು, ಕಿಟಕಿಯ ಹೊರಗಿನ ಮಳೆಮರದ ನೆರಳು ಕೌಂಟರಿನ ಮೇಲೆ ಬಂದು ಮಲಗುವ ಒಂದಷ್ಟು ಹೊತ್ತು ಇರುತ್ತಿತ್ತು. ಆಗ ನಾನು ಕೆಲಸ ಮಾಡುತ್ತಿದ್ದೇನೋ ಕನಸು ಕಾಣುತ್ತಿದ್ದೇನೋ ನನಗೇ ಗೊತ್ತಾಗುತ್ತಿರಲಿಲ್ಲ.

ನಾನು ಆ ಭಾಗದ ಒಂದು ಧರ್ಮಾಸ್ಪತ್ರೆಯಲ್ಲಿ ಫಾರ್ಮಸಿಸ್ಟ್ ಆಗಿದ್ದೆ. ಹೆಸರು ಶಾರದಾ, ಆದರೆ ಆ ಹೆಸರು ಹಾಜರಿ ಹಾಕುವಾಗ ಮಾತ್ರ. ಉಳಿದಂತೆ ಎಲ್ಲರಿಗೂ ನಾನು ಮಾತ್ರೆ ಮೇಡಂ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಕಂಪ್ಯೂಟರಿನಲ್ಲಿ ಚೀಟಿ ಓದುತ್ತಾರೆ, ಯಾವ ಔಷಧಕ್ಕೆ ಯಾವ ಔಷಧ ಆಗಿಬರುವುದಿಲ್ಲ ಎಂಬುದನ್ನು ಅದೇ ಕೆಂಪಕ್ಷರದಲ್ಲಿ ಹೇಳಿಬಿಡುತ್ತದೆ. ಒಳ್ಳೆಯದೇ ಆಯಿತು. ಆದರೆ ಕೊಟ್ಟ ಮಾತ್ರೆ ಮನೆಗೆ ಹೋದ ಮೇಲೆ ಏನಾಗುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ನನ್ನ ಕೆಲಸವೆಲ್ಲ ಅಲ್ಲಿಂದಾಚೆಯೇ ಇತ್ತು, ಹಾಗಾಗಿ ಅದನ್ನೇ ಬರೆಯುತ್ತೇನೆ.

ನನಗೆ ಕೆಲಸ ಕಲಿಸಿದವರು ಸುಂದರಂ ಸಾರ್, ನಮ್ಮ ವಿಭಾಗದ ಮುಖ್ಯಸ್ಥರು. ಹಲಸೂರಿನ ತಮಿಳರು. ಸಿಟ್ಟು ಬಂದಾಗ ತಮಿಳು, ಖುಷಿಯಾದಾಗ ಕನ್ನಡ, ಡಾಕ್ಟರುಗಳ ಜೊತೆ ಜಗಳಕ್ಕೆ ಇಂಗ್ಲಿಷು. ಓದು ಬಾರದವರಿಗೆಂದು ಅವರು ಮಾತ್ರೆಯ ಕಾಗದದ ಕವರಿನ ಮೇಲೆ ಸೂರ್ಯ, ಚಂದ್ರನ ಚಿತ್ರ ಬರೆದುಕೊಡುತ್ತಿದ್ದರು. ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯದಕ್ಕೆ ಚಂದ್ರ. ಅವರ ಸೂರ್ಯನಿಗೆ ಕಣ್ಣು, ಮೂಗು, ಮೀಸೆ ಎಲ್ಲ ಇರುತ್ತಿತ್ತು. ಮನೆಯಲ್ಲಿ ಹೆಂಡತಿಯೊಡನೆ ಮುನಿಸಿದ್ದ ದಿನ ಸೂರ್ಯನ ಮೀಸೆ ಕೆಳಗಿಳಿದಿರುತ್ತಿತ್ತು. ಅದನ್ನು ನೋಡಿ ನಾವು ರಜೆ ಕೇಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಿದ್ದೆವು.

“ಕೊಟ್ಬಿಟ್ರೆ ಮುಗೀತಾ ಶಾರದಾ? ಅವರು ನುಂಗ್ಬೇಕಲ್ಲಮ್ಮ,” ಎನ್ನುತ್ತಿದ್ದರು. ದಿನಕ್ಕೆ ಎಷ್ಟು ಸಲ ಎಂದರೆ, ಅವರು ಬಾಯಿ ತೆರೆಯುವ ಮೊದಲೇ ನಾನು ತಲೆಯಾಡಿಸುತ್ತಿದ್ದೆ.

ಆ ಚಂದ್ರನೇ ಒಮ್ಮೆ ಎಡವಟ್ಟು ಮಾಡಿದ. ಖಾದರ್ ಸಾಬರು ಎಂದು ಒಬ್ಬರಿದ್ದರು, ಶಿವಾಜಿನಗರದ ಬೇಕರಿಯೊಂದರಲ್ಲಿ ಭಟ್ಟಿಯ ಮುಂದೆ ನಿಲ್ಲುವವರು. ಸಕ್ಕರೆ ಕಾಯಿಲೆ. ರಾತ್ರಿ ಊಟದ ಮುಂಚಿನ ಮಾತ್ರೆಗೆ ಚಂದ್ರ ಬರೆದು ಕೊಟ್ಟೆವು. ಸ್ವಲ್ಪ ದಿನಕ್ಕೆ ಅವರು ಭಟ್ಟಿಯ ಮುಂದೆ ಬೆವರಿ, ನಡುಗಿ, ಕುಸಿದು ಬಿದ್ದರೆಂದು ಕರೆದುಕೊಂಡು ಬಂದರು. ಸಕ್ಕರೆ ತೀರಾ ಇಳಿದುಹೋಗಿತ್ತು. ಸುಧಾರಿಸಿಕೊಂಡ ಮೇಲೆ ಕಿಟಕಿಯ ಹತ್ತಿರ ಬಂದು ನಿಂತರು. ಮೈಯೆಲ್ಲ ಬನ್ನಿನ ವಾಸನೆ.

“ಮಾತ್ರೆ ಹೇಗ್ ತಗೊಂಡ್ರಿ ಸಾಬ್ರೇ?”

“ನೀವ್ ಚಾಂದ್ ಬರ್ದಿದ್ರಲ್ಲ ಮೇಡಂ. ಕತ್ಲಾದ ತಕ್ಷಣ ತಗೊಂಡೆ, ಕೆಲ್ಸಕ್ ಹೋದೆ.”

“ಊಟ?”

“ಊಟ ಬೆಳಿಗ್ಗೆ ಅಲ್ವಾ, ಬ್ರೆಡ್ ಎಲ್ಲ ಅಂಗ್ಡಿಗೆ ಹೋದ್ಮೇಲೆ. ಅದೇ ನಮ್ ರಾತ್ರಿ ಊಟ. ನೀವ್ ಕೇಳ್ಲೇ ಇಲ್ಲ, ನಮ್ ರಾತ್ರಿನಾ ನಿಮ್ ರಾತ್ರಿನಾ ಅಂತ.”

ಸುಂದರಂ ಸಾರ್ ಆ ಕವರನ್ನು ಇಸಿದುಕೊಂಡು, ಚಂದ್ರನನ್ನು ಹೊಡೆದುಹಾಕಿ ಪಕ್ಕದಲ್ಲಿ ಒಂದು ತಟ್ಟೆಯ ಚಿತ್ರ ಬರೆದರು. ಅವತ್ತಿನಿಂದ ನಾವು ಗಂಟೆ ಕೇಳುವುದನ್ನು ಬಿಟ್ಟೆವು. ನಿಮ್ಮ ದಿನ ಹೇಗೆ ಶುರುವಾಗುತ್ತದೆ, ಯಾವಾಗ ಉಣ್ಣುತ್ತೀರಿ, ಯಾವಾಗ ಮಲಗುತ್ತೀರಿ ಎಂದು ಕೇಳತೊಡಗಿದೆವು. ಜನ ಹೇಳುತ್ತಾ ಹೋದರು. ಕಿಟಕಿಯ ಈಚೆ ಕೂತು ನಾನು ಕಂಡಿಲ್ಲದ ಎಷ್ಟೋ ಮನೆಗಳ ಬೆಳಗು, ಬೈಗು ನನ್ನ ಕಣ್ಣೆದುರು ಹಾದುಹೋದವು. ಹೂ ಕಟ್ಟುವವರ ಬೆಳಗು, ಬೈಯಪ್ಪನಹಳ್ಳಿಯಿಂದ ಕೆಲಸಕ್ಕೆ ಓಡುವವರ ಬೆಳಗು, ಮಕ್ಕಳು ಸ್ಕೂಲಿಗೆ ಹೋದ ಮೇಲಷ್ಟೇ ಉಸಿರಾಡುವ ತಾಯಂದಿರ ಬೆಳಗು. ಸಂಬಳ ಕೊಟ್ಟು ಇಷ್ಟೆಲ್ಲ ಕತೆ ಯಾರು ಹೇಳುತ್ತಾರೆ? ನನಗಂತೂ ಆ ಕೆಲಸ ಬಹಳ ಇಷ್ಟವಾಗುತ್ತಿತ್ತು.

ಹೀಗೆ ಕೇಳುತ್ತ ಕೇಳುತ್ತ ನಮಗೊಂದು ದಾರಿ ಸಿಕ್ಕಿತು. ದಿನವೂ ತಪ್ಪದೆ ಮಾಡುವ ಒಂದು ಕೆಲಸಕ್ಕೆ ಮಾತ್ರೆಯನ್ನು ಗಂಟು ಹಾಕಿಬಿಡುವುದು. ಹಲ್ಲುಜ್ಜುವುದು, ಹಾಲು ಕಾಯಿಸುವುದು, ಟೀವಿಯಲ್ಲಿ ಒಂದು ಧಾರಾವಾಹಿ, ಏನಾದರೂ ಸರಿ. ನನಗೂ ಬಿಪಿ ಮಾತ್ರೆ ಶುರುವಾದಾಗ ನಾನು ಏನನ್ನೂ ಯೋಚಿಸಲಿಲ್ಲ. ನಮ್ಮ ಯಜಮಾನರೇ ಆ ಕೆಲಸ ವಹಿಸಿಕೊಂಡರು. ಅವರು ವಿಮಾನಪುರದ ಕಡೆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದವರು, ಯಾವುದನ್ನೂ ಸಡಿಲ ಬಿಡುವ ಜಾಯಮಾನದವರಲ್ಲ. ಬೆಳಿಗ್ಗೆ ಅವರೇ ಕಾಫಿ ಮಾಡುತ್ತಿದ್ದರು. ಒಂದು ಕೈಯಲ್ಲಿ ಲೋಟ, ಇನ್ನೊಂದು ಅಂಗೈಯಲ್ಲಿ ಮಾತ್ರೆ. “ತಗೋಮ್ಮ, ಮಾತ್ರೆ ಮೇಡಂಗೆ ಮಾತ್ರೆ,” ಎನ್ನುತ್ತಿದ್ದರು. ಎಷ್ಟೋ ವರ್ಷ ಅದೇ ಹಾಸ್ಯ, ನಾನೂ ದಿನವೂ ನಗುತ್ತಿದ್ದೆ.

ಜಯಮ್ಮನವರು ಬಂದದ್ದು ಆ ದಿನಗಳಲ್ಲಿ. ಊರು ವಿಮಾನಪುರದ ಪಕ್ಕದಲ್ಲೇ, ಈಗ ಅದನ್ನು ಊರು ಎಂದರೆ ಯಾರೂ ನಂಬುವುದಿಲ್ಲ. ಒಂದು ಕಾಲಕ್ಕೆ ರಾಗಿ, ಸೊಪ್ಪು ಬೆಳೆದ ಮನೆತನ. ಈಗ ಹೊಲ ಇದ್ದಲ್ಲಿ ಮೂರಂತಸ್ತಿನ ಮನೆ ಕಟ್ಟಿ ಮೇಲಿನದನ್ನು ಬಾಡಿಗೆಗೆ ಕೊಟ್ಟಿದ್ದಾರೆ. ಜಯಮ್ಮನವರು ಐವತ್ತು ದಾಟಿದವರು, ಅಗಲ ಕುಂಕುಮ, ಗಟ್ಟಿ ದನಿ. ಯಂತ್ರದ ಕವಾಟ ಇರುವವರು ರಕ್ತ ತೆಳುವಾಗಿಸುವ ಒಂದು ಮಾತ್ರೆಯನ್ನು ದಿನವೂ ಒಂದೇ ಹೊತ್ತಿಗೆ ಬದುಕಿರುವ ತನಕ ತೆಗೆದುಕೊಳ್ಳಬೇಕು. ಬಿಟ್ಟರೆ ಕವಾಟದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ತಲೆಗೆ ಹೋದರೆ ಲಕ್ವಾ, ಅಲ್ಲೇ ಸಿಕ್ಕಿಕೊಂಡರೆ ಜೀವವೇ ಹೋಗಬಹುದು. ಹೆಚ್ಚಾಗಿ ತೆಗೆದುಕೊಂಡರೆ ಒಳಗೊಳಗೇ ರಕ್ತ ಸೋರುತ್ತದೆ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಮಾಡಿ ಪ್ರಮಾಣ ಸರಿ ನೋಡಬೇಕು.

ಇದನ್ನೆಲ್ಲ ಹೇಳಿ, “ದಿನಾ ಸಾಯಂಕಾಲ ನೀವು ತಪ್ಪದೇ ಮಾಡೋ ಕೆಲಸ ಯಾವ್ದು ಜಯಮ್ಮ?” ಎಂದು ಕೇಳಿದೆ.

“ದೀಪ ಹಚ್ಚೋದು,” ಎಂದರು, ಒಂದು ಕ್ಷಣವೂ ಯೋಚಿಸದೆ. “ಹೊಟ್ಟೆಗಿಲ್ದೆ ಇದ್ರೂ ದೀಪ ತಪ್ಸಿಲ್ಲ.”

“ಹಾಗಾದ್ರೆ ದೀಪ ಹಚ್ಚಿದ್ಮೇಲೆ ಒಂದು ಮಾತ್ರೆ. ಆಯ್ತಾ?”

“ಆಯ್ತು ಬಿಡಿ. ದೇವ್ರ ಕೋಣೇಲಿ ಆಯಮ್ಮನ ಮುಂದೇನೇ ನುಂಗ್ತೀನಿ.”

ಅವರ ರಕ್ತದ ಪರೀಕ್ಷೆ ತಿಂಗಳುಗಟ್ಟಲೆ ಗೆರೆ ಎಳೆದ ಹಾಗೆ ಸರಿಯಾಗಿ ಬಂತು. ಹೊಸಬರಿಗೆಲ್ಲ ನಾನು ಜಯಮ್ಮನವರನ್ನು ತೋರಿಸಿ, ಇವರನ್ನು ನೋಡಿ ಕಲೀರಿ ಎನ್ನುತ್ತಿದ್ದೆ. ಅವರೂ ಪರೀಕ್ಷೆಗೆ ಬಂದಾಗ ನನ್ನ ಕಿಟಕಿಯ ಪಕ್ಕದ ಬೆಂಚಿನಲ್ಲಿ ಕೂತು ಹೋಗುವುದನ್ನು ರೂಢಿ ಮಾಡಿಕೊಂಡರು. ಮಾತಿಲ್ಲದ ಹೊತ್ತಿನಲ್ಲಿ ಆ ಟಿಕ್ ಟಿಕ್ ಕೇಳುತ್ತಿದ್ದರೆ ನನಗೆ ನಿದ್ದೆ ಬರುವಂತಾಗುತ್ತಿತ್ತು. “ಮಲಗೋವಾಗ ನಿಮಗೆ ತೊಂದ್ರೆ ಆಗಲ್ವಾ?” ಎಂದು ಒಮ್ಮೆ ಕೇಳಿದೆ. “ಮೊದ್ಲು ಆಗ್ತಿತ್ತು. ಈಗ ಕೇಳಿಸ್ದೆ ಇದ್ರೆ ಭಯ ಆಗುತ್ತೆ,” ಎಂದು ನಕ್ಕರು.

ಒಂದು ಸಲ ಪರೀಕ್ಷೆ ಕೆಟ್ಟದಾಗಿ ಬಂತು. ರಕ್ತ ಗಟ್ಟಿಯಾಗಿತ್ತು, ಹೆಪ್ಪುಗಟ್ಟುವ ಹಂತಕ್ಕೆ ಹತ್ತಿರ. ಹೃದಯ ವಿಭಾಗದ ಡಾಕ್ಟರಮ್ಮ ಸೊಪ್ಪು ಜಾಸ್ತಿ ತಿಂದಿರಾ, ನಾಟಿ ಔಷಧ ಏನಾದರೂ ಕುಡಿದಿರಾ ಎಂದು ಕೇಳಿದರು. ಇಲ್ಲ. ಮಾತ್ರೆ ತಪ್ಪಿಸಿದಿರಾ? ಇಲ್ಲ, ದೀಪ ಹಚ್ಚಿದ ದಿನ ಯಾವತ್ತೂ ತಪ್ಪಿಸಿಲ್ಲ ಎಂದರು ಜಯಮ್ಮ. ಸರಿ, ಪ್ರಮಾಣ ಹೆಚ್ಚಿಸಿ ಕಳಿಸಿದರು. ಕೆಲವು ವಾರಗಳಲ್ಲಿ ಒಸಡಿನಿಂದ ರಕ್ತ ಸೋರಿತು, ತೋಳಿನಲ್ಲಿ ನೇರಳೆ ಕಲೆಗಳೆದ್ದವು. ಈಗ ರಕ್ತ ಅತಿ ತೆಳು. ಮತ್ತೆ ಮೊದಲಿನ ಪ್ರಮಾಣಕ್ಕೇ ಇಳಿಸಿದರು. ಎಲ್ಲ ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ, ಮಳೆಗಾಲ ಕಳೆದ ಮೇಲಿನ ಒಂದು ಪರೀಕ್ಷೆಯಲ್ಲಿ ಮತ್ತೆ ರಕ್ತ ಗಟ್ಟಿ, ಈ ಸಲ ಮೊದಲಿಗಿಂತಲೂ ಕೆಟ್ಟದಾಗಿ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನನ್ನು ಕರೆಸಿದರು. “ಹೆಚ್ಚು ಮಾಡಿದ್ರೆ ಹೋದ ಸಲದ ಹಾಗೆ ಬ್ಲೀಡಿಂಗ್ ಆಗುತ್ತೆ. ಮಾಡ್ದೇ ಇದ್ರೆ ವಾಲ್ವ್ ಸಿಕ್ಕೊಂಡು ನಿಂತ್ಬಿಡುತ್ತೆ. ನಂಗೇನೋ ಮನೇಲೇ ಉತ್ತರ ಇದೆ ಅನ್ಸುತ್ತೆ ಶಾರದಾ. ಇವತ್ತೇ ಹೋಗಿ ನೋಡ್ಕೊಂಡ್ ಬರ್ತೀರಾ?” ಎಂದರು. ಪ್ರಮಾಣ ಬದಲಿಸುವ ಮೊದಲು ರೋಗಿಯ ಮನೆ ನೋಡಬೇಕು ಎಂದುಕೊಂಡ ಆ ಡಾಕ್ಟರ ಬಗ್ಗೆ ನನಗೆ ಇವತ್ತಿಗೂ ಗೌರವ. ಜಯಮ್ಮ ಮುಂದೆ ಹೊರಟಿದ್ದರು, ಕೆಲಸ ಮುಗಿಸಿ ನಾನು ಹಿಂದೆಯೇ ಬಸ್ಸು ಹತ್ತಿದೆ.

ಹೊತ್ತು ಇಳಿಯುತ್ತಿತ್ತು. ಆ ಬೀದಿಗೆ ಕಾಲಿಟ್ಟಾಗ ಏನೋ ಒಂದು ಖಾಲಿ ಖಾಲಿ ಅನ್ನಿಸಿತು. ಏನೆಂದು ತಿಳಿಯಲು ಸ್ವಲ್ಪ ದೂರ ನಡೆಯಬೇಕಾಯಿತು. ಯಾವ ಹೊಸ್ತಿಲ ಮುಂದೆಯೂ ರಂಗೋಲಿ ಇರಲಿಲ್ಲ. ಒಂದಾದ ಮೇಲೊಂದು ಬಾಗಿಲು, ಎಲ್ಲವೂ ಬೋಳು. ಬಾಡಿಗೆಯವರ ಮೆಟ್ಟಿಲುಗಳ ಬುಡದಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಸಣ್ಣ ಎಳೆ. ಮೇಲೆ ಒಂದು ವಿಮಾನ ಬಹಳ ನಿಧಾನವಾಗಿ ತಿರುಗುತ್ತಿತ್ತು. ಅದನ್ನೇ ನೋಡುತ್ತ ನಾನು ಜಯಮ್ಮನವರ ಮನೆಯನ್ನು ದಾಟಿ ಹೋಗಿಬಿಟ್ಟಿದ್ದೆ, ಅವರೇ ಕೂಗಿ ಕರೆದರು.

“ಬನ್ನಿ ಮೇಡಂ. ಕಾಫಿ ಕೊಡೋಣ ಅಂದ್ರೆ ನಮ್ಮನೇಲಿ ಕುಡೀತೀರೋ ಇಲ್ವೋ. ಸೂತಕ.”

“ಯಾರು ಹೋದ್ರು?”

“ನಮ್ಮನೆಯವ್ರ ದೊಡ್ಡಪ್ಪನ ಮಗ. ಈ ಬೀದಿ ಪೂರ್ತಿ ನಮ್ಮ ದಾಯಾದಿಗಳೇ ಅಲ್ವಾ. ಒಬ್ರು ಹೋದ್ರೆ ಎಲ್ರಿಗೂ ಮೈಲ್ಗೆ. ಕಾರ್ಯ ಮುಗಿಯೋ ತನ್ಕ ದೇವ್ರ ಕೋಣೆ ಬಾಗ್ಲು ತೆಗೆಯಂಗಿಲ್ಲ.”

ನಾನು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತೆ.

“ಮಾತ್ರೆ ಎಲ್ಲಿಡ್ತೀರಿ ಜಯಮ್ಮ?”

ಅವರು ಪುಟ್ಟ ಗಂಟೆಗಳನ್ನು ತೂಗುಹಾಕಿದ್ದ ದೇವರ ಕೋಣೆಯ ಮುಚ್ಚಿದ ಬಾಗಿಲ ಕಡೆ ಗದ್ದ ಎತ್ತಿ ತೋರಿಸಿದರು. “ಆಯಮ್ಮನ ಪಾದದ ಹತ್ರ. ದೀಪ ಹಚ್ಚಿ, ಕೈ ಮುಗ್ದು, ಅಲ್ಲೇ ಬಾಯಿಗೆ ಹಾಕ್ಕೊಳ್ತೀನಿ. ನೀವೇ ಹೇಳ್ಕೊಟ್ಟಿದ್ದು.”

“ಈಗ?”

“ಈಗ ಹೆಂಗ್ ಹೋಗ್ಲಿ?”

“ಹೋದ ಸಲ ರಕ್ತ ಗಟ್ಟಿಯಾಗಿತ್ತಲ್ಲ, ಆಗ್ಲೂ ಯಾರಾದ್ರೂ...”

“ನಮ್ಮನೆಯವ್ರ ಚಿಕ್ಕಪ್ಪ ಹೋಗಿದ್ರು,” ಎಂದರು ಜಯಮ್ಮ. ಹೇಳುತ್ತಿದ್ದಂತೆ ಅವರ ಮುಖದಲ್ಲೂ ಏನೋ ಹೊಳೆದ ಹಾಗಾಯಿತು.

ನನಗೆ ಸಿಟ್ಟು ಬಂತು. ಸಿಟ್ಟೆಂದರೆ ಭಯವೇ ಅದು, ಬೇರೆ ರೂಪದಲ್ಲಿ ಬಂದಿತ್ತು. “ಡಾಕ್ಟರಮ್ಮನ ಹತ್ರ ಇಷ್ಟು ಹೇಳೋಕಾಗ್ಲಿಲ್ವೇನ್ರೀ? ನಿಮ್ಮ ಕವಾಟಕ್ಕೆ ಸೂತಕ ಗೀತಕ ಗೊತ್ತಾಗುತ್ತಾ?” ಎಂದು ಗದರಿದೆ.

“ಅವ್ರು ತಪ್ಸಿದ್ರಾ ಅಂದ್ರು. ದೀಪ ಹಚ್ಚಿದ ದಿನ ತಪ್ಸಿಲ್ಲ ಅಂದೆ. ಅದು ಸುಳ್ಳಾ ಮೇಡಂ? ಆಸ್ಪತ್ರೇಲಿ ಸೂತಕದ ಮಾತು ಆಡಿದ್ರೆ ನಗಲ್ವಾ?” ಅವರ ಗಟ್ಟಿ ದನಿ ಒಡೆಯಿತು. “ಆಪ್ರೇಷನ್ ಕೋಣೆ ಒಳಗ್ ಹೋಗೋವಾಗ ಆಯಮ್ಮನ್ನೇ ನೆನ್ಕೊಂಡೆ. ಉಳ್ಸಿದ್ಲು. ಅವಳ ಪಾದದಲ್ಲಿಟ್ಟಿದ್ದನ್ನ ಮೈಲ್ಗೇಲಿ ಹೆಂಗ್ ಮುಟ್ಲಿ? ಸತ್ರೂ ಮುಟ್ಟಲ್ಲ.”

ಅವರು ಹೇಳಿದರೆ ಹೇಳಿದ ಹಾಗೆ, ನನಗೆ ಗೊತ್ತಿತ್ತು. ನಾವಿಬ್ಬರೂ ನಡುಮನೆಯ ಚಾಪೆಯ ಮೇಲೆ ಕೂತೆವು. ಯಾರೂ ಟೀವಿ ಹಾಕಿರಲಿಲ್ಲ. ಕಿಟಕಿಯಿಂದ ಸಂಜೆಯ ಹಳದಿ ಬೆಳಕು ಬಂದು ಮುಚ್ಚಿದ ಬಾಗಿಲ ಹಿತ್ತಾಳೆ ಗಂಟೆಗಳ ಮೇಲೆ ನಿಂತಿತ್ತು. ಟಿಕ್, ಟಿಕ್, ಟಿಕ್. ಅಷ್ಟು ಸ್ಪಷ್ಟವಾಗಿ ಆ ಸದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. ಈಗ ನಿಂತರೆ, ಈಗ ನಿಂತರೆ ಎಂದು ಪ್ರತಿ ಸಲವೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ನಾನು ಅವರ ಕೈ ಹಿಡಿದುಕೊಂಡೆ.

ಕೊನೆಗೆ ಜಯಮ್ಮನವರೇ ತಲೆ ಎತ್ತಿದರು.

“ಮೇಡಂ, ನಿಮ್ಗೆ ನಮ್ಮನೆ ಸೂತಕ ಇಲ್ವಲ್ಲ.”

“ಇಲ್ಲ.”

“ಹಂಗಾದ್ರೆ ನೀವ್ ಹೋಗಿ ತಗೊಂಡ್ ಬನ್ನಿ. ನೀವ್ ಕೊಟ್ರೆ ಅವಳೇ ಕೊಟ್ಟಂಗೆ.”

ನಲ್ಲಿಯ ಹತ್ತಿರ ಕೈಕಾಲು ತೊಳೆದುಕೊಂಡು ಬಂದು ಬಾಗಿಲು ತಳ್ಳಿದೆ. ಗಂಟೆಗಳು ಅಲುಗಾಡಿದವು. ಒಳಗೆ ಬಾಡಿದ ಹೂವು, ಎಣ್ಣೆಯ ವಾಸನೆ, ದೇವಿಯ ಪಾದದ ಹತ್ತಿರ ಅರಿಶಿನ ಮೆತ್ತಿದ ಒಂದು ಪುಟ್ಟ ಸ್ಟೀಲ್ ಡಬ್ಬಿ. “ದೀಪಾನೂ ಹಚ್ಬಿಡಿ ಮೇಡಂ, ಪಾಪ ಕತ್ಲಲ್ಲಿ ಕೂತವ್ಳೆ,” ಎಂದು ಹೊರಗಿನಿಂದ ದನಿ ಬಂತು. ಹಚ್ಚಿದೆ. ಹೊಸ್ತಿಲಾಚೆ ಚಾಚಿದ ಅಂಗೈಗೆ ಮಾತ್ರೆ ಹಾಕಿದೆ. ಅವರು ನುಂಗುವುದನ್ನು ನೋಡುತ್ತ ನಿಂತಾಗ ನನ್ನ ಕಣ್ಣು ತುಂಬಿ ದೀಪ ಎರಡೆರಡಾಗಿ ಕಂಡಿತು.

ಅಲ್ಲಿಂದಲೇ ಡಾಕ್ಟರಮ್ಮನಿಗೆ ಫೋನು ಮಾಡಿದೆ. ಅವರು ಆ ಕಡೆಯಿಂದ ಉದ್ದಕ್ಕೆ ಉಸಿರು ಬಿಟ್ಟರು. ಮಾತ್ರೆಯ ಪ್ರಮಾಣ ಬದಲಿಸುವುದು ಬೇಡ, ರಕ್ತ ತೆಳುವಾಗುವ ತನಕ ನಾಲ್ಕು ದಿನ ಆಸ್ಪತ್ರೆಯಲ್ಲೇ ಇದ್ದು ಸೂಜಿ ಹಾಕಿಸಿಕೊಳ್ಳಲಿ ಎಂದರು. ಹಾಗೇ ಮಾಡಿದೆವು. ಕವಾಟ ಉಳಿಯಿತು, ಜಯಮ್ಮ ಉಳಿದರು. ಡಬ್ಬಿಯನ್ನು ಅಡುಗೆಮನೆಗೆ ಒಯ್ದಿಡಿ ಎಂದು ನಾನು ಹೇಳಿ ನೋಡಿದೆ, ಒಪ್ಪಲಿಲ್ಲ. ಅವರೇ ಏರ್ಪಾಡು ಮಾಡಿಕೊಂಡರು. ಸೂತಕ ಬಂದಾಗ ಮಹಡಿಯ ಬಾಡಿಗೆಯ ಹೆಂಗಸು ಸಂಜೆ ಇಳಿದು ಬಂದು, ದೀಪ ಹಚ್ಚಿ, ಮಾತ್ರೆ ಕೈಗಿಟ್ಟು ಹೋಗುವುದು.

ಆಮೇಲೆ ನಮ್ಮ ಕಿಟಕಿಯಲ್ಲಿ ಇನ್ನೊಂದು ಪ್ರಶ್ನೆ ಸೇರಿಕೊಂಡಿತು. ಮಾತ್ರೆಯನ್ನು ಯಾವ ಕೆಲಸಕ್ಕೆ ಗಂಟು ಹಾಕಿದ್ದೀರಿ ಎಂದು ಕೇಳಿದ ಮೇಲೆ, ಆ ಕೆಲಸ ಯಾವ ದಿನಗಳಲ್ಲಿ ನಿಲ್ಲುತ್ತದೆ ಎಂದೂ ಕೇಳುತ್ತಿದ್ದೆವು. ಮುಟ್ಟಿನ ದಿನ, ಉಪವಾಸದ ದಿನ, ರಂಜಾನ್ ತಿಂಗಳು, ತವರಿಗೆ ಹೋದ ದಿನ. ಕೇಳಿದರೆ ಜನ ಹೇಳುತ್ತಾರೆ. ನಗದೆ ಕೇಳಬೇಕು, ಅಷ್ಟೇ. ಈಗ ಫೋನಿನಲ್ಲಿ ಅಲಾರಂ ಬಂದಿದೆ, ದಿನ ದಿನದ ಖಾನೆ ಇರುವ ಡಬ್ಬಿಗಳು ಬಂದಿವೆ. ಜಯಮ್ಮನವರ ಫೋನಿನಲ್ಲೂ ಅಲಾರಂ ಇತ್ತು. ಸೂತಕದ ದಿನಗಳಲ್ಲೂ ಅದು ಹೊತ್ತಿಗೆ ಸರಿಯಾಗಿ ಕೂಗಿಕೊಂಡಿತ್ತು, ಅವರು ಆರಿಸಿದ್ದರು. ಈ ಕೆಲಸಕ್ಕೆ ಬರುವ ನೀವು ಅಲಾರಂ ಇಟ್ಟುಕೊಡಿ, ಬೇಡ ಅನ್ನುವುದಿಲ್ಲ. ಜೊತೆಗೆ ಇದನ್ನೂ ಕೇಳಿ.

ಇಷ್ಟಕ್ಕೇ ನಿಲ್ಲಿಸೋಣ ಎಂದುಕೊಂಡಿದ್ದೆ. ಆದರೆ ಈ ವರ್ಷದ ಮಾತನ್ನೂ ಹೇಳದಿದ್ದರೆ ಬರೆದದ್ದು ಅರ್ಧವಾಗುತ್ತದೆ.

ನಮ್ಮ ಯಜಮಾನರು ತೀರಿಕೊಂಡರು. ಹಿಂದಿನ ಸಂಜೆ ಹಲಸೂರು ಕೆರೆಯ ಸುತ್ತ ನಡೆದಾಡಿ ಬಂದಿದ್ದವರು ಬೆಳಿಗ್ಗೆ ಏಳಲಿಲ್ಲ. ಮನೆ ತುಂಬ ಜನ ಬಂದರು, ಹೋದರು. ಎಲ್ಲವೂ ನೀರಿನ ಕೆಳಗೆ ನಡೆಯುತ್ತಿದ್ದಂತೆ ಇತ್ತು. ಕಲ್ಯಾಣ ನಗರದಲ್ಲಿರುವ ಮಗಳು ಬಂದು ಜೊತೆಗಿದ್ದಳು. “ಅಮ್ಮಾ, ಬಿಪಿ ಮಾತ್ರೆ ತಗೋತಿದೀಯಾ?” ಎಂದು ಕೇಳಿದಳು. “ಕಾಫಿ ಜೊತೆ ತಗೋತೀನಲ್ಲ,” ಎಂದೆ. ಸುಳ್ಳಲ್ಲ. ಆದರೆ ಅವರು ಹೋದ ದಿನದಿಂದ ನಾನು ಕಾಫಿ ಕುಡಿದಿರಲಿಲ್ಲ. ಮಾತ್ರೆ ಇದ್ದದ್ದು ಅವರ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ. ಆ ಕಡೆ ತಿರುಗಿ ನೋಡಲೂ ನನಗೆ ಆಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಮಗಳು ಅಂಗಡಿಗೆ ಹೋಗಿದ್ದಳು. ತಲೆ ಸಿಡಿಯುತ್ತಿತ್ತು, ಫ್ಯಾನಿನ ಗಾಳಿಯೂ ಬೇಡವಾಗಿ ಆರಿಸಿ ಗೋಡೆಗೆ ಒರಗಿ ಕೂತಿದ್ದೆ. ಯಾರೋ ಬಂದು ಪಕ್ಕದಲ್ಲಿ ಕೂತರು. ನಾನು ಕಣ್ಣು ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಆ ಸದ್ದು ಕೇಳಿಸಿತು. ಟಿಕ್, ಟಿಕ್, ಟಿಕ್.

“ಜಯಮ್ಮ,” ಎಂದೆ.

“ಹೂಂ ಮೇಡಂ. ಮೊನ್ನೆ ಪರೀಕ್ಷೆಗ್ ಹೋದಾಗ ಆಸ್ಪತ್ರೇಲಿ ಹೇಳಿದ್ರು.”

ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

“ಮಾತ್ರೆ ತಗೊಂಡ್ರಾ?”

ಅಷ್ಟು ವರ್ಷ ಕಿಟಕಿಯಲ್ಲಿ ಕೂತು ಸಾವಿರ ಜನರನ್ನು ನಾನು ಕೇಳಿದ ಪ್ರಶ್ನೆ ಅದು. ಕಣ್ಣು ನನ್ನನ್ನು ಕೇಳದೆ ಆ ಕುರ್ಚಿಯ ಕಡೆ ಹೋಯಿತು. ಜಯಮ್ಮನವರೂ ಅತ್ತ ನೋಡಿದರು. ಎಲ್ಲ ಅರ್ಥವಾಯಿತು ಅವರಿಗೆ.

“ನಂಗೆ ನಿಮ್ಮನೆ ಸೂತಕ ಇಲ್ವಲ್ಲ ಮೇಡಂ,” ಎಂದು ಮೊಣಕಾಲಿಗೆ ಕೈಕೊಟ್ಟು ಎದ್ದರು. ಕುರ್ಚಿಯ ಹತ್ತಿರ ಹೋಗಿ, ಒಮ್ಮೆ ಅದಕ್ಕೆ ಕೈಮುಗಿದು, ಸ್ಟೂಲಿನ ಮೇಲಿದ್ದ ಮಾತ್ರೆ ತಂದು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

“ತಡೀರಿ, ನೀರಲ್ಲಿ ಬೇಡ,” ಎಂದರು. “ಕಾಫಿ ಪುಡಿ ಡಬ್ಬಿ ಎಲ್ಲಿದೆ ಹೇಳಿ.”